ಅಪ್‌ಡೇಟ್: 1080 ಟಿಐ ಬಿಟ್ಟು 3060 ತಗೊಂಡೆ

ಬದಿಯಡ್ಕದಲ್ಲಿ ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವನು ನಾನು. ನನ್ನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು; ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1080 ಟಿಐ ಒಳ್ಳೆಯದಾ, ಆರ್‌ಟಿಎಕ್ಸ್ 3060 12 ಜಿಬಿ ಒಳ್ಳೆಯದಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ನನ್ನನ್ನು ಗೊಂದಲಕ್ಕೆ ಹಾಕಿದ್ದು ಒಂದೇ ಅಂಕಿ. ಎರಡರಲ್ಲೂ ಕುಡಾ ಕೋರ್ (ಕಾರ್ಡಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕ) 3584! ಆದರೆ ಒಂದು 2017ರದ್ದು, ಇನ್ನೊಂದು 2021ರದ್ದು. ಒಳಗಿನ ವಿನ್ಯಾಸವೇ ಬೇರೆ, ಹಾಗಾಗಿ ಬರೀ ಕೋರ್ ಎಣಿಸಿ ಹೋಲಿಸುವುದು ಸರಿಯಲ್ಲ ಅಂತ ನೀವು ಹೇಳಿದ ಮೇಲೆ ಅರ್ಥವಾಯಿತು. ಮೆಮೊರಿ ವೇಗದಲ್ಲಿ ಹಳೆಯದೇ ಮುಂದೆ: ಸೆಕೆಂಡಿಗೆ 484 ಜಿಬಿ, ಹೊಸದರಲ್ಲಿ 360. ಮೆಮೊರಿ ಬಸ್ಸೂ (ಡೇಟಾ ಓಡಾಡುವ ದಾರಿಯ ಅಗಲ) ಹಳೆಯದಕ್ಕೆ 352 ಬಿಟ್, ಹೊಸದಕ್ಕೆ 192. ಇದನ್ನು ನೋಡಿ ಹಳೆಯದನ್ನೇ ತರಲು ಹೊರಟಿದ್ದೆ.

ಕಾಸರಗೋಡಿಗೆ ಹೋಗಿ ಆ ಕಾರ್ಡ್ ಕೈಯಲ್ಲಿ ಹಿಡಿದು ನೋಡಿದೆ. ಫ್ಯಾನಿನ ಎಲೆಗಳಿಗೆ ಧೂಳು ಅಂಟಿತ್ತು, ಸ್ಕ್ರೂಗಳಿಗೆ ತುಕ್ಕು. ನಮ್ಮ ಕಡಲ ಗಾಳಿ ಗೊತ್ತಲ್ವಾ. ಮೇಲಾಗಿ ಅದು 250 ವ್ಯಾಟ್ ಎಳೆಯುತ್ತದೆ, 3060ಕ್ಕೆ 170 ಸಾಕು. ನನ್ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಇರುವುದು 550 ವ್ಯಾಟಿನದ್ದು.

ಕೊನೆಗೆ 3060 ತಂದೆ. ಹಳೆಯದರಲ್ಲಿ ಇಲ್ಲದ ಟೆನ್ಸರ್ ಕೋರ್ (ಎಐ ಲೆಕ್ಕಕ್ಕೆ), ಆರ್‌ಟಿ ಕೋರ್ (ಬೆಳಕಿನ ಕಿರಣಗಳ ಲೆಕ್ಕಕ್ಕೆ), ಎವಿ1 ಎಂಬ ಹೊಸ ವಿಡಿಯೋ ಫಾರ್ಮ್ಯಾಟಿನ ಡಿಕೋಡಿಂಗ್ ಇದರಲ್ಲಿದೆ. ರಾತ್ರಿಯ ಆಟದ ವಿಡಿಯೋದಲ್ಲಿ ಕಿರೀಟದ ಸುತ್ತ ಕಾಳುಕಾಳಾಗಿ ಕಾಣುವ ನಾಯ್ಸ್ ತೆಗೆಯುವಾಗ ಈಗ ಪ್ರಿವ್ಯೂ ನಿಲ್ಲುವುದಿಲ್ಲ. ತುಂಬಾ ಖುಷಿಯಾಗಿದೆ. ಗೇಮ್ ಮಾತ್ರ ಆಡುವವರಿಗೆ, ಕಡಿಮೆ ಬೆಲೆಗೆ ಚೆನ್ನಾಗಿರುವ 1080 ಟಿಐ ಸಿಕ್ಕಿದರೆ ಈಗಲೂ ಬೇಡ ಅನ್ನಲಾರೆ.