ಬ್ಯಾಟಲ್‌ಟೆಕ್ ಕ್ಯಾಂಪೇನ್: ಯಾವ ಐಚ್ಛಿಕ ನಿಯಮದ ಜೊತೆ ಯಾವುದು? ಆಡಿದವರು ಹೇಳಿ

ಹೊಸ ಲ್ಯಾನ್ಸ್
ಬ್ಯಾಟಲ್‌ಟೆಕ್ (ಪೈಲಟ್ ಕೂತು ನಡೆಸೋ ದೈತ್ಯ ಯುದ್ಧ ಯಂತ್ರ, ಅಂದ್ರೆ ಮೆಕ್‌ಗಳ ಮೇಜಿನ ಆಟ) ಆಟದಲ್ಲಿ 3025ರ ಕಾಲದ ಕ್ಯಾಂಪೇನ್ (ಒಂದರ ಫಲ ಮುಂದಿನದಕ್ಕೆ ಸಾಗೋ ಆಟಗಳ ಸರಣಿ) ಶುರು ಮಾಡ್ತಿದೀವಿ. ನಾಲ್ಕು ಜನ, ಒಂದೊಂದು ಕಡೆಗೆ 12 ಮೆಕ್. ಫ್ಲೋಟಿಂಗ್ ಕ್ರಿಟ್ (ಒಳಗಿನ ಭಾಗ ಕೆಡಿಸೋ ಏಟು, ಅಂದ್ರೆ ಕ್ರಿಟ್, ಎಲ್ಲಿ ಅಂತ ಮತ್ತೆ ಎಸೆಯೋದು), ಫೋರ್ಸ್ಡ್ ವಿತ್‌ಡ್ರಾವಲ್ (ತುಂಬಾ ಕೆಟ್ಟ ಮೆಕ್ ಹಿಂದೆ ಸರಿಯಲೇಬೇಕು), ಡಬಲ್ ಬ್ಲೈಂಡ್ (ಕಾಣದ ಎದುರಾಳಿ ಎಲ್ಲಿದ್ದಾನೆ ಅಂತ ಗೊತ್ತಾಗಲ್ಲ), ಸಿ-ಬಿಲ್ (ಆಟದ ದುಡ್ಡು) ಲೆಕ್ಕದ ರಿಪೇರಿ, ಪೈಲಟ್ ಅನುಭವದ ಅಂಕ, ಈ ಐದನ್ನೂ ಒಟ್ಟಿಗೆ ಹಾಕಬಹುದಾ? ಭಾನುವಾರ ಮಾತ್ರ ಬಿಡುವು, ಒಂದು ಆಟ 4 ಗಂಟೆ ಮೀರಬಾರದು.

ಕಡಲತಡಿ
ಐದೂ ಹಾಕಿದ್ರೆ ಮೊದಲು ಕೈಕೊಡುವುದು ಖಾತೆ ಪುಸ್ತಕ ಮಾರಾಯ್ರೆ. ನಮ್ಮದ್ರಲ್ಲಿ ಸಿ-ಬಿಲ್ ರಿಪೇರಿ ಇತ್ತು, ಫ್ಲೋಟಿಂಗ್ ಇರ್ಲಿಲ್ಲ. ತಪ್ಪಿದ್ದು ಅಲ್ಲೇ. ಎದುರಿನಿಂದ ಬಿದ್ದ ಏಟಿಗೆ ಜಾಗದ ದಾಳದಲ್ಲಿ (ಏಟು ಎಲ್ಲಿಗೆ ಅಂತ ಎಸೆಯುವ ಎರಡು ದಾಳ) ಮೊತ್ತ 2 ಬಂದ್ರೆ ಕವಚ ಪೂರ್ತಿ ಉಂಟಾ ಇಲ್ವಾ ಅಂತ ಯಾರೂ ಕೇಳೋದಿಲ್ಲ, ಸೆಂಟರ್ ಟಾರ್ಸೊಗೆ (ಎದೆಯ ನಡುಭಾಗ) ಕ್ರಿಟ್ ಪರೀಕ್ಷೆ. ಅಲ್ಲಿನ 12 ಸ್ಲಾಟ್‌ನಲ್ಲಿ (ಭಾಗ ಕೂರುವ ಜಾಗ) 6 ಎಂಜಿನ್, 4 ಗೈರೋ (ಮೆಕ್ ಬೀಳದಂತೆ ಹಿಡಿಯುವ ಯಂತ್ರ). ಕ್ರಿಟ್ ದಾಳದಲ್ಲಿ 10 ಬಂದು ಎರಡೂ ಗೈರೋಗೇ ಬಿದ್ರೆ ಅದರ ಕಥೆ ಮುಗೀತು. ದೊಡ್ಡ ಮೆಕ್ ಅಟ್ಲಾಸಿನ ಗೈರೋ 9 ಲಕ್ಷ ಸಿ-ಬಿಲ್. ಅದರ 300 ರೇಟಿಂಗಿನ ಎಂಜಿನ್ ಹೋದ್ರೆ 20 ಲಕ್ಷ. ಕವಚ ಟನ್ನಿಗೆ ಬರೀ 10 ಸಾವಿರ. ಒಂದು ಗೈರೋ ದುಡ್ಡಿನಲ್ಲಿ 90 ಟನ್ ಕವಚ ಬರ್ತದೆ!

ಫ್ಲೋಟಿಂಗ್ ಹಾಕಿದ್ರೆ ಆ 2ಕ್ಕೆ ಜಾಗವನ್ನು ಇನ್ನೊಮ್ಮೆ ಎಸೀಬೇಕು. 7 ಬಂದ್ರೆ ಮಾತ್ರ ಸೆಂಟರ್, ಅಂದ್ರೆ 36ಕ್ಕೆ 6. ಈ ದಾರಿಯಲ್ಲಿ ಬರುವ ಎಂಜಿನ್ ಬಿಲ್ಲು ಹೆಚ್ಚುಕಡಿಮೆ ಆರನೇ ಒಂದು ಪಾಲಿಗೆ ಇಳೀತದೆ. ಒಂದೇ ಆಟಕ್ಕೆ ಇದು ಬರೀ ರುಚಿಗೆ ಹಾಕುವ ನಿಯಮ. ರಿಪೇರಿ ಲೆಕ್ಕ ಇದ್ದ ಮೇಲೆ ಫ್ಲೋಟಿಂಗ್ ಬೇಕೇ ಬೇಕು.

ಕಪ್ಪುಮಣ್ಣು
ಅರ್ಧ ಹೇಳಿ ಬಿಟ್ರಲ್ರೀ. ಸೆಂಟರ್ ತಪ್ಪಿಸಿಕೊಂಡ ಕ್ರಿಟ್ ಎಲ್ಲಿಗೆ ಹೋಗತೈತಿ? 8 ಬಂದ್ರ ಎಡ ಟಾರ್ಸೊ, 36ಕ್ಕ 5 ಸಲ. ಹಂಚ್‌ಬ್ಯಾಕ್ 4ಜಿ ಅನ್ನೂ ಮೆಕ್‌ನ ಶೀಟ್ ತೆಗೀರಿ. ಏಸಿ/20 (ದೊಡ್ಡ ತೋಪು) ಬಲಕ್ಕ, ಅದರ 2 ಟನ್ ಗುಂಡು ಎಡಕ್ಕ. ಖಾಲಿ ಸ್ಲಾಟ್ ಬಂದ್ರ ಮತ್ತ ಎಸೀಬೇಕು, ಹಂಗಾಗಿ ಗುಂಡಿನ ಮ್ಯಾಲೆ ಬೀಳೂ ಸಂಭವ ಹೆಚ್ಚು. ತುಂಬಿದ ಒಂದು ಟನ್ ಅಂದ್ರ 5 ಗುಂಡು, ಗುಂಡಿಗೆ 20 ಹಾನಿ, ಸಿಡಿದ್ರ ಒಟ್ಟು 100. ಎಡ ಟಾರ್ಸೊದ ಒಳಗಟ್ಟು (ಕವಚದ ಒಳಗಿನ ಚೌಕಟ್ಟು) ತಡಿಯೂದು 12, ಸೆಂಟರ್‌ದು 16. 3025ರಾಗ ಕೇಸ್ (ಗುಂಡಿನ ಸಿಡಿತ ಹೊರಗ ಕಳಿಸೂ ವ್ಯವಸ್ಥೆ) ಇಲ್ಲ. ಗೈರೋ ಉಳಿಸಾಕ ಹೋಗಿ ಇಡೀ ಮೆಕ್ ಕಳಕೊಂಡಂಗ ಆತು. ಪೈಲಟ್‌ಗೂ 2 ಏಟು.

ನಮ್ಮ ಕಡೆ ಫ್ಲೋಟಿಂಗ್ ಹಾಕಿದ ಮ್ಯಾಲೆ 4ಜಿ ಯಾರೂ ಮುಟ್ಟಲಿಲ್ಲ. ಎಲ್ಲಾರೂ ಹಂಚ್‌ಬ್ಯಾಕ್‌ನ ಇನ್ನೊಂದು ರೂಪ 4ಪಿ ಹಿಡಿದ್ರು: ಎಂಟು ಮೀಡಿಯಂ ಲೇಸರ್, 23 ಹೀಟ್ ಸಿಂಕ್ (ಒಂದೊಂದು 1 ಶಾಖ ಕಳೀತೈತಿ), ಗುಂಡಿನ ಗೋಜೇ ಇಲ್ಲ. ಎಂಟೂ ಹೊಡೆದು ಓಡಿದ್ರ 26 ಶಾಖ, ಉಳಿಯೂದು 3. ಒಂದು ನಿಯಮ ತಂದ್ರ ಗ್ಯಾರೇಜ್‌ನಾಗ ಏನು ನಿಲ್ಲತೈತಿ ಅನ್ನೂದ ಬದಲಾಗತೈತಿ, ಅದನ್ನ ಮೊದಲ ನೋಡ್ರಿ.

ಫೋರ್ಸ್ಡ್ ವಿತ್‌ಡ್ರಾವಲ್ ಮಾತ್ರ ಕಣ್ಣು ಮುಚ್ಚಿ ಹಾಕ್ರಿ. ಪಕ್ಕದ ಟಾರ್ಸೊ ಹೋತು ಅಥವಾ ಎಂಜಿನ್‌ಗೆ ಎರಡು ಕ್ರಿಟ್ ಬಿತ್ತು ಅಂದ್ರ ನಕ್ಷೆಯ ತನ್ನ ಅಂಚಿಗೆ ವಾಪಸ್. ಕಡೀ ಮೆಕ್ ಸಾಯೂತನಕ ಕುಂತು ಆಡೂದು ತಪ್ಪತೈತಿ.

ಕಡಲತಡಿ
4ಪಿ ಬಂತು ಅಂತ ಬೇಜಾರಾದ್ರೆ ಸಿ-ಬಿಲ್ ಕೊಟ್ಟು ಕೊಳ್ಳುವ ಪಟ್ಟಿಯಿಂದ ಅದನ್ನು ತೆಗೀರಿ. ನಿಯಮದ ತಪ್ಪಲ್ಲ ಅದು.

ವಿತ್‌ಡ್ರಾವಲ್‌ಗೆ ಕಣ್ಣು ಮುಚ್ಚಬೇಡಿ. ಓಡಿಹೋದ ಮೆಕ್‌ನಿಂದ ಗೆದ್ದವನಿಗೆ ಸಾಲ್ವೇಜ್ (ಬಿದ್ದ ಮೆಕ್‌ನಿಂದ ಸಿಗುವ ಭಾಗ) ಇಲ್ಲ. ಸೋತವನಿಗೆ ಬಿಲ್ಲು ಮಾತ್ರ ಬರ್ತದೆ. ಇಲ್ಲಿ ದುಡ್ಡಿಗಿಂತ ಮೊದಲು ಕೈಕೊಡುವುದು ಸಮಯ: ಒಂದು ಟೆಕ್ (ರಿಪೇರಿ) ತಂಡಕ್ಕೆ ದಿನಕ್ಕೆ 480 ನಿಮಿಷ, ಕವಚ ಪಾಯಿಂಟಿಗೆ 5 ನಿಮಿಷ. ಹಂಚ್‌ಬ್ಯಾಕಿನ 160 ಪಾಯಿಂಟ್ ಪೂರ್ತಿ ಕಿತ್ತುಹೋದ್ರೆ ಬರೀ ಕವಚಕ್ಕೆ 800 ನಿಮಿಷ. ಅಂಥವು ಆರು ಮನೆಗೆ ಬಂದ್ವು, ತಂಡ ಎರಡೇ ಉಂಟು ಅಂದ್ರೆ ಐದು ದಿನ. ಎರಡು ಆಟದ ನಡುವೆ ಕನಿಷ್ಠ ಎಷ್ಟು ದಿನ ಅಂತ ಮೊದಲೇ ಬರೆದಿಡಿ, ಇಲ್ದಿದ್ರೆ ಪ್ರತಿ ಸಲ ಜಗಳ.

ಏಳರ ಗುರಿ
ಇಬ್ಬರೂ ಪೈಲಟ್ ಅಂಕ ಬಿಟ್ಟೇಬಿಟ್ರಿ. ಕ್ಯಾಂಪೇನ್ ಕೆಡಿಸೋದೇ ಅದು. ಗನ್ನರಿ (ಪೈಲಟ್‌ನ ಗುರಿಯ ಅಂಕ, ಕಡಿಮೆ ಇದ್ದಷ್ಟೂ ಒಳ್ಳೇದು) 4 ಇದ್ದದ್ದು 3 ಆದ್ರೆ, ಎರಡು ದಾಳದಲ್ಲಿ 8 ಬೇಕಿದ್ದ ಕಡೆ 7 ಸಾಕು. 36ಕ್ಕೆ 15 ಇದ್ದದ್ದು 21 ಆಯ್ತು. ಇದರ ಮೇಲೆ ರಾತ್ರಿ, ಮಂಜು ಅಂತ ಗುರಿ ಸಂಖ್ಯೆ ಏರಿಸೋ ನಿಯಮ ಸೇರಿಸಿದ್ರಾ? 10 ಬೇಕಿದ್ದ ಕಡೆ 9 ಸಾಕಾಗುತ್ತೆ, 6 ಇದ್ದದ್ದು 10. ಅದೇ ಒಂದು ಅಂಕ, ಮೊದಲಿನ ಕಡೆ ನೂರಕ್ಕೆ 40 ಲಾಭ, ಈ ಕಡೆ ಸುಮಾರು 67. ಗೆದ್ದವನಿಗೇ ಹೆಚ್ಚು ಅಂಕ ಕೊಟ್ಟರೆ ಮೂರನೇ ಆಟದಷ್ಟರಲ್ಲಿ ಸೋತವನು ಟೀ ಮಾಡೋಕೆ ಎದ್ದು ಹೋಗ್ತಾನೆ. ಎರಡೂ ಕಡೆ ಬದುಕಿದ ಪೈಲಟ್‌ಗೆ ಸಮ ಅಂಕ, ಗನ್ನರಿ 2ಕ್ಕೆ ನಿಲ್ಲಿಸಿ.

ಇನ್ನು ತಲೆ: ಕವಚ 9, ಒಳಗಟ್ಟು 3. ಏಸಿ/20 ಬಿದ್ದ ಪ್ರತಿ 36ಕ್ಕೆ ಒಂದು ಏಟು ತಲೆಗೆ ಹೋಗಿ ಆ ಪೈಲಟ್‌ನ ಅಷ್ಟೂ ಆಟದ ಅಂಕ ನುಂಗುತ್ತೆ. ಎಡ್ಜ್ (ಅದೃಷ್ಟದ ಅಂಕ) ಒಂದು ಕೊಟ್ಟು ಮರು ಎಸೆತಕ್ಕೆ ಬಿಡಿ.

ಡಬಲ್ ಬ್ಲೈಂಡ್ ಮೇಜಿನ ಮೇಲೆ ಬೇಡ. ಎರಡು ಸೆಟ್ ನಕ್ಷೆ, ನಡುವೆ ಪರದೆ, ಆಡದೆ ಕೂರೋ ಒಬ್ಬ ರೆಫರಿ, ಪ್ರತಿ ಹೆಕ್ಸಿಗೂ (ನಕ್ಷೆಯ ಆರುಮೂಲೆ ಮನೆ) ಯಾರಿಗೆ ಯಾರು ಕಾಣ್ತಾರೆ ಅನ್ನೋ ತಪಾಸಣೆ. ಕಂಪ್ಯೂಟರಿನ ಮೆಗಾಮೆಕ್‌ನಲ್ಲಿ ಇದೆಲ್ಲ ತಾನೇ ನಡೆಯುತ್ತೆ, ರಿಪೇರಿಗೆ ಮೆಕ್‌ಎಚ್‌ಕ್ಯೂ. ಎರಡಕ್ಕೂ ಕಾಸಿಲ್ಲ.

ಕಪ್ಪುಮಣ್ಣು
ಕಂಪ್ಯೂಟರ್‌ನಾಗ ಆಡಾಕ ಮಿನಿಯೇಚರ್‌ಗೆ ಬಣ್ಣ ಯಾಕ ಹಚ್ಚಬೇಕ್ರಿ? ಮೇಜಿನ ಆಟದ ಬಗ್ಗೆ ಕೇಳಿದಾರ.

ಏಳರ ಗುರಿ
ಲೆಕ್ಕ ಯಂತ್ರಕ್ಕೆ, ದಾಳ ಕೈಗೆ. ಇದರಲ್ಲಿ ಸಿಟ್ಟು ಯಾಕೆ?

ಹೊಸ ಲ್ಯಾನ್ಸ್
4 ಗಂಟೆಯಲ್ಲಿ ಆಗುತ್ತಾ ಅಂತ ಯಾರೂ ಹೇಳಲಿಲ್ಲ...

ಏಳರ ಗುರಿ
ಕಡೆಗೆ 12 ಅಂದ್ರೆ ಯಾವ ಐಚ್ಛಿಕ ನಿಯಮ ಇಲ್ಲದೆಯೂ ಆಗಲ್ಲ. 4 ಮೆಕ್ ಮಾತ್ರ ಆಟಕ್ಕೆ ಇಳಿಸಿ, ಉಳಿದ 8 ಗ್ಯಾರೇಜ್‌ನಲ್ಲಿ ರಿಪೇರಿ ಸರದಿ ಕಾಯಲಿ.

ಕಡಲತಡಿ
ಗುಂಡಿನ ಖರ್ಚು ಬರೆಯದಿದ್ರೆ ಫ್ಲೋಟಿಂಗ್ ಇದ್ದೂ ಎಲ್ಲರೂ ಎಸ್‌ಆರ್‌ಎಂ-6ಕ್ಕೆ (ಹತ್ತಿರದ ಗುರಿಗೆ ಒಟ್ಟಿಗೆ ಆರು ಕ್ಷಿಪಣಿ) ಓಡ್ತಾರೆ. ಒಂದೊಂದು ಕ್ಷಿಪಣಿಗೂ ಬೇರೆ ಜಾಗದ ದಾಳ, ಆರೂ ತಾಗಿದ್ರೆ 2 ಬರ್ಲಿಕ್ಕೆ ಆರು ಅವಕಾಶ. ಏಸಿ/20ಗೆ ಒಂದೇ. ಎಸ್‌ಆರ್‌ಎಂ ಗುಂಡು ಟನ್ನಿಗೆ 27,000, 15 ಸುತ್ತು, ಸುತ್ತಿಗೆ 1,800. ದೂರದ ಕ್ಷಿಪಣಿ ಎಲ್‌ಆರ್‌ಎಂ-20 ಆದ್ರೆ 30,000ಕ್ಕೆ 6 ಸುತ್ತು, ಸುತ್ತಿಗೆ 5,000. ಇದನ್ನು ಬರೆಸಿದ ಮೇಲೆ ದೂರದಿಂದ ಸುಮ್ಮನೆ 11 ಬೇಕಾದ ಗುರಿಗೆ ಹೊಡೆಯುವುದು ನಿಂತಿತು.

ಕಪ್ಪುಮಣ್ಣು
ಸಣ್ಣ ಮೆಕ್ ಲೋಕಸ್ಟ್‌ನ ಮಷಿನ್ ಗನ್ ಗುಂಡು ಟನ್ನಿಗೆ 1,000. ಅದನ್ನೂ ಬರೀತೀರೇನು?

ಕಡಲತಡಿ
ಬರೀಲೇಬೇಕು. 200 ಸುತ್ತು, 2 ಹಾನಿಯಂತೆ 400. ಅಟ್ಲಾಸಿನ ಇಡೀ ಕವಚವೇ 304. 20 ಟನ್ನಿನ ಮೆಕ್ ಅದನ್ನು ಹೊಟ್ಟೆಯಲ್ಲಿ ಹೊತ್ತು ತಿರುಗ್ತದೆ. ಮೊದಲ ಸರದಿಯಲ್ಲೇ ಹೊರಗೆ ಸುರಿದುಬಿಡಿ.

ಏಳರ ಗುರಿ
ಸುರಿಯೋ ಸರದಿಯಲ್ಲಿ ಹಿಂಬದಿ ಟಾರ್ಸೊಗೆ ಏಟು ಬಿದ್ರೆ ಅದೇ 400 ಸಿಡಿಯುತ್ತೆ. ಓಡೋಕೂ ಆಗಲ್ಲ. ಓಡದ ಲೋಕಸ್ಟ್ ಯಾವ ಕೆಲಸಕ್ಕೆ?

ಕಪ್ಪುಮಣ್ಣು
ನಡೆದ್ರೂ 8 ಹೆಕ್ಸ್, ಅದಕ್ಕ ಹೊಡೆಯೂವರ ಗುರಿ ಸಂಖ್ಯೆಗೆ +3 ಐತಿ. ಓಡಿದ್ರ +4. ಒಂದರ ಸಲುವಾಗಿ ಇಷ್ಟು ಗದ್ದಲಾ? ಪಟ್ಟಿ ತೆಗೆದು ನೋಡ್ರಿ ಮೊದಲ.