ಸಹಾಯ ಬೇಕು: ದೊಡ್ಡವರಿಗೆ ಒತ್ತಕ್ಷರ ಹೇಗೆ ಕಲಿಸಿದಿರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ಐವತ್ತೆಂಟು ವರ್ಷ, ಈಗ ಓದು ಕಲಿಯೋಕೆ ಕೂತಿದ್ದಾರೆ. ಚಿಕ್ಕಂದಿನಲ್ಲಿ ಮೇಷ್ಟ್ರು ಎಲ್ಲರ ಮುಂದೆ ದಡ್ಡಿ ಅಂತ ಬೈದು ಹೊಡೆದರಂತೆ, ಅವತ್ತೇ ಶಾಲೆ ಬಿಟ್ಟವರು. ಈಗಲೂ ಒಂದು ತಪ್ಪಾದರೆ ಸಾಕು, ಪುಸ್ತಕ ಮುಚ್ಚಿ "ನನ್ನ ತಲೆಗೆ ಹತ್ತಲ್ಲ ಬಿಡಮ್ಮ" ಅಂತಾರೆ. (ಮನೆ ಲೆಕ್ಕವೆಲ್ಲ ಬಾಯಲ್ಲೇ ಹಾಕೋರು ಇವರೇ!)

ಕಾಗುಣಿತದವರೆಗೆ ಚೆನ್ನಾಗೇ ಬಂತು. ಕಣ್ಣು ತೋರಿಸಿ ಕನ್ನಡಕ ಹಾಕಿಸಿದ ಮೇಲೆ ಪ, ಷ ಗೊಂದಲವೂ ಹೋಯ್ತು. ಈಗ ಒತ್ತಕ್ಷರದಲ್ಲಿ ಗಾಡಿ ನಿಂತಿದೆ. 'ಅಕ್ಕ', 'ಹಬ್ಬ' ಸಲೀಸು. ಆದರೆ ತ, ಮ, ಯ ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣಲ್ಲವಲ್ಲ, ಅಲ್ಲಿ ತಡವರಿಸ್ತಾರೆ. ಅರ್ಕಾವತ್ತಂತೂ ಕೇಳಲೇಬೇಡಿ. 'ಸೂರ್ಯ' ತೋರಿಸಿದರೆ, "ಕೊನೇಲಿ ಬರೆದಿರೋದನ್ನ ಮೊದಲು ಯಾಕೆ ಹೇಳಬೇಕು?" ಅಂತಾರೆ. ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಉತ್ತರವಿಲ್ಲ.

ದೊಡ್ಡವರಿಗೆ ಕಲಿಸಿದ ಅನುಭವ ಇರೋರು ಒತ್ತುಗಳನ್ನ ಯಾವ ಕ್ರಮದಲ್ಲಿ ಹೇಳಿಕೊಟ್ಟಿರಿ? ದಪ್ಪಕ್ಷರದ, ಒತ್ತು ಕಡಿಮೆ ಇರುವ ಪುಸ್ತಕ ಯಾವುದಾದರೂ ಇದೆಯಾ? ಗುಬ್ಬಿ-ಕಾಗೆ ಕಥೆ ಮಾತ್ರ ಬೇಡ, ಮಕ್ಕಳ ಪುಸ್ತಕ ಕೊಟ್ಟರೆ ಅವರಿಗೆ ಅವಮಾನ ಆಗುತ್ತೆ. ನೀವೇ ದೊಡ್ಡವರಾದ ಮೇಲೆ ಕಲಿತವರಾಗಿದ್ದರೆ ದಯವಿಟ್ಟು ಧ್ವನಿ ಸಂದೇಶ ಕಳಿಸಿ, ಅವರಿಗೇ ಕೇಳಿಸ್ತೀನಿ.