‘ದ್ಯಾನ್’ ಮೊದಲು ಬರಬಾರದು, ‘ಗಿಂತ’ ಬರಬಹುದು: ಒಂದು ಸಂಶಯ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಸಂಜೆ ಹೊತ್ತು ನಾಲ್ಕೈದು ಮಕ್ಕಳು ಇಂಗ್ಲಿಷ್ ಕಲಿಯಲು ಜಗಲಿಗೆ ಬರುತ್ತಾರೆ, ಎಲ್ಲರೂ ಕನ್ನಡ ಮೀಡಿಯಂ. ಮೊನ್ನೆ ಒಬ್ಬಳು ಬರೆದದ್ದು: ‘ದ್ಯಾನ್ ಮೊಗ್ರಾಲ್ ರಿವರ್, ಚಂದ್ರಗಿರಿ ರಿವರ್ ಈಸ್ ಲಾಂಗ್.’

ಕೆಂಪು ಪೆನ್ನು ಹಿಡಿದು ಸುಮ್ನೆ ಕೂತೆ. ‘ಮೊಗ್ರಾಲ್ ಹೊಳೆಗಿಂತ ಚಂದ್ರಗಿರಿ ಹೊಳೆ ಉದ್ದ’ ಅನ್ನುವುದನ್ನು ಹುಡುಗಿ ಇದ್ದ ಹಾಗೆಯೇ ಇಳಿಸಿದ್ದಾಳೆ. ನಮ್ಮ ‘ಗಿಂತ’ ಹೆಸರಿಗೆ ಅಂಟಿಕೊಂಡು ಮೊದಲೇ ಬಂದುಬಿಡುತ್ತದೆ. ಇಂಗ್ಲಿಷಿನ ‘ದ್ಯಾನ್’ ‘ಲಾಂಗರ್’ ಬರುವ ತನಕ ಕಾಯಬೇಕು. ‘ಲಾಂಗ್’ ‘ಲಾಂಗರ್’ ಆಗದ್ದೂ ಅದೇ ಕಾರಣಕ್ಕೆ: ‘ಉದ್ದ’ ಹೋಲಿಕೆಯಲ್ಲೂ ಉದ್ದವೇ, ಅದಕ್ಕೆ ಬಾಲ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಪಕ್ಕದ ಮಲಯಾಳದಲ್ಲೂ ‘ಅದಿನೇಕ್ಕಾಳ್ ವಲುದ್’ (ಅದಕ್ಕಿಂತ ದೊಡ್ಡದು), ಅಲ್ಲೂ ಸುಳಿವು ಸಿಗುವುದಿಲ್ಲ.

ಇದಕ್ಕೆ ಮದ್ದು ಅಂತ ‘ಕಂಪೇರ್ಡ್ ಟು’ ಹೇಳಿಕೊಟ್ಟೆ. ‘ಕಂಪೇರ್ಡ್ ವಿತ್’, ‘ಅನ್‌ಲೈಕ್’ ಕೂಡ ಆದೀತು. ಇವನ್ನು ವಾಕ್ಯದ ತಲೆಗೆ ಧಾರಾಳವಾಗಿ ಇಡಬಹುದು. ಮರುದಿನ ಬೇರೆಯೇ ರಗಳೆ: ‘ಅನ್‌ಲೈಕ್ ಮಂಗಳೂರು, ಅವರ್ ಬಸಸ್ ಆರ್ ಫ್ಯೂ.’ ಊರನ್ನು ತಂದು ಬಸ್ಸಿನ ಪಕ್ಕ ನಿಲ್ಲಿಸಿದ ಹಾಗಾಯಿತು! ಇಂಗ್ಲಿಷಿನಲ್ಲಿ ಅಲ್ಪವಿರಾಮ ದಾಟಿದ ಕೂಡಲೇ ಮಂಗಳೂರಿನ ಜೋಡಿ, ಅಂದರೆ ಇನ್ನೊಂದು ಊರು, ಕಾಣಬೇಕು. ನಾವು ‘ಮಂಗಳೂರಿಗಿಂತ ಇಲ್ಲಿ ಬಸ್ಸು ಕಡಿಮೆ’ ಅಂದರೆ ಯಾರೂ ತಕರಾರು ಎತ್ತುವುದಿಲ್ಲ. ಆ ‘ಇಲ್ಲಿ’ ಎಲ್ಲವನ್ನೂ ಸುಧಾರಿಸುತ್ತದೆ.

(‘ದ ಮೋರ್ ದ ಮೆರಿಯರ್’, ಅಂದರೆ ‘ಎಷ್ಟು ಜನವೋ ಅಷ್ಟು ಖುಷಿ’, ಮಾತ್ರ ಹೋಲಿಕೆಯಿಂದಲೇ ಶುರುವಾಗುತ್ತದೆ. ಅಲ್ಲಿನ ‘ದ’ ನಾವು ಶಾಲೆಯಲ್ಲಿ ಕಲಿತ ಆರ್ಟಿಕಲ್ ಅಲ್ಲ, ಹಳೆ ಇಂಗ್ಲಿಷಿನ ಒಂದು ತೃತೀಯಾ ವಿಭಕ್ತಿ ರೂಪದ ಪಳೆಯುಳಿಕೆ. ನಮ್ಮ ‘ಎಷ್ಟು… ಅಷ್ಟು’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಮಕ್ಕಳಿಗೆ ಇದು ಬೇಗ ಹಿಡಿಸಿತು.)

ಈಗ ನನ್ನ ಪ್ರಶ್ನೆ. ‘ಕಳೆದ ವರ್ಷಕ್ಕೆ ಹೋಲಿಸಿದರೆ ಈ ವರ್ಷ ಅಡಿಕೆಗೆ ಜಾಸ್ತಿ ಬೆಲೆ’ ಅಂತ ಪೇಪರಿನಲ್ಲಿ ಓದುತ್ತೇವೆ. ‘ಕಳೆದ ವರ್ಷಕ್ಕಿಂತ’ ಅಂದರೆ ಸಾಲದಾ? ಈ ‘ಹೋಲಿಸಿದರೆ’ಯ ಮೇಲೆ ‘ಕಂಪೇರ್ಡ್ ಟು’ ನೆರಳು ಬಿದ್ದಿದೆ ಅಂತ ನನಗೆ ಗುಮಾನಿ. ನಮ್ಮ ಅಜ್ಜಿ ‘ಅವನ ಎದುರು ಇವ ವಾಸಿ’ ಅನ್ನುತ್ತಿದ್ದರು. ಹೀಗೆ ‘ಎದುರು’, ‘ಮುಂದೆ’ ಹಾಕಿ ಹೋಲಿಸುವುದು ನಿಮ್ಮ ಕಡೆಯೂ ಉಂಟಾ? ಬರಹದಲ್ಲಿ ನೀವು ಯಾವುದನ್ನು ಇಡುತ್ತೀರಿ?